ಪುಸ್ತಕ ಮುಚ್ಚಿ ಓದಿದ ಅಪರಾಧ

ಪರೀಕ್ಷಾ ಸಿದ್ಧತೆಯ ಉಸ್ತುವಾರಿ ಹೊತ್ತಿರುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳು ಓದುವುದಿಲ್ಲ ಎಂದು ತಾವು ತೀರ್ಮಾನಿಸಿದ್ದೀರಿ. ಆಧಾರ, ಮೂರು ಫೋಟೋ. ಮೂರರಲ್ಲೂ ಅವಳ ಪುಸ್ತಕ ಮುಚ್ಚಿದೆ. ಅಷ್ಟನ್ನೇ ಹಿಡಿದುಕೊಂಡು ತಾವು ಅವಳನ್ನು ತರಗತಿಯಿಂದ ಎಬ್ಬಿಸಿ, ‘ವಿಶೇಷ ಗಮನದ ಗುಂಪು’ ಎಂಬ ಚೆಂದದ ಹೆಸರಿನ ಮೂಲೆಗೆ ತಳ್ಳಿದ್ದೀರಿ. ಅಂತಿಮ ಪರೀಕ್ಷೆ ಮುಂದಿನ ತಿಂಗಳು. ಅವಳನ್ನು ಅಲ್ಲಿಂದ ಬಿಡಿಸಿ ತರಗತಿಗೆ ವಾಪಸ್ ಕಳಿಸಿ ಎಂದು ಕೇಳುವುದಕ್ಕೆ ಈ ಪತ್ರ. ಇದೇ ಮಾತನ್ನು ಮೊದಲು ಮುಚ್ಚಿದ ಲಕೋಟೆಯಲ್ಲಿಟ್ಟು ಕಳಿಸಿದ್ದೆ. ತಮ್ಮ ಕಚೇರಿಗೆ ಮುಚ್ಚಿದ್ದು ಯಾವುದೂ ಆಗಿಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ಹಾಗಾಗಿ ಈ ಸಲ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬಿಚ್ಚಿ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವನು. ಆ ಮಟ್ಟಿಗೆ ತಮಗೆ ಋಣಿ. ತಮ್ಮ ಸುತ್ತೋಲೆ ಹೊರಟಂದಿನಿಂದ ನನ್ನ ಅಂಗಡಿಯ ಬೆಂಚಿನ ಮೇಲೆ ಶಾಲಾ ಮಕ್ಕಳಿಗೆ ಜಾಗ ಸಾಲುತ್ತಿಲ್ಲ. ಒಬ್ಬನಿಗೆ ತಲೆನೋವು, ಇನ್ನೊಬ್ಬಳಿಗೆ ಕಣ್ಣುರಿ, ಮತ್ತೊಬ್ಬನಿಗೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವಂತೆ. ಪರೀಕ್ಷಿಸಿ ನೋಡಿದರೆ ಮುಕ್ಕಾಲು ಪಾಲು ಮಕ್ಕಳಿಗೆ ಬೇಕಾಗಿರುವುದು ಕನ್ನಡಕವಲ್ಲ, ನಿದ್ದೆ. ಹಾಗೆಂದು ಹೇಳಿ ಕಳಿಸಿದರೆ ತಾಯಂದಿರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ನಿದ್ದೆ ಮಾಡುತ್ತಿರುವ ಮಗುವಿನ ಫೋಟೋಗೆ ತಮ್ಮಲ್ಲಿ ಅಂಕವಿಲ್ಲವಲ್ಲ, ಅವರು ತಾನೇ ಏನು ಮಾಡಿಯಾರು?

ತಮ್ಮ ಸುತ್ತೋಲೆಯನ್ನು ನೋಡುವ ಭಾಗ್ಯ ಸಿಗದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅಂತಿಮ ಪರೀಕ್ಷೆಗೆ ಕೂರುವ ಪ್ರತಿ ಮಗುವೂ ಸಂಜೆ ಮನೆಯಲ್ಲಿ ‘ಓದುತ್ತಿರುವ ಸ್ಥಿತಿಯಲ್ಲಿ’ ಇರತಕ್ಕದ್ದು. ಶಿಕ್ಷಕರು ಹೇಳದೆ ಕೇಳದೆ ಮನೆಗೆ ಬಂದು ಸದರಿ ಸ್ಥಿತಿಯ ಫೋಟೋ ತೆಗೆದು ಆ್ಯಪ್‌ಗೆ ಏರಿಸತಕ್ಕದ್ದು. ಫೋಟೋದಲ್ಲಿ ತೆರೆದ ಪುಸ್ತಕವೂ ಮಗುವಿನ ಮುಖವೂ ಸ್ಪಷ್ಟವಾಗಿ ಕಾಣತಕ್ಕದ್ದು. ತಲೆ ಬಗ್ಗಿಸಿದರೆ ಮುಖ ಕಾಣುವುದಿಲ್ಲ, ಮುಖ ಎತ್ತಿದರೆ ಓದುತ್ತಿರುವಂತೆ ಕಾಣುವುದಿಲ್ಲ. ಈ ಸಂಕಟಕ್ಕೆ ಮಕ್ಕಳೇ ಉಪಾಯ ಕಂಡುಕೊಂಡಿದ್ದಾರೆ. ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಸಿಕ್ಕಿಬಿದ್ದ ಕಳ್ಳರು ಪೊಲೀಸ್ ಠಾಣೆಯಲ್ಲಿ ಹಲಗೆ ಹಿಡಿದು ನಿಲ್ಲುವಂತೆ ನಿಲ್ಲುತ್ತಾರೆ. ಇದಲ್ಲದೆ, ಮುಖ್ಯ ಸಾಲುಗಳಿಗೆ ಬಣ್ಣ ಬಳಿಯತಕ್ಕದ್ದು, ಮುಖ್ಯ ಉತ್ತರಗಳನ್ನು ಹತ್ತು ಹತ್ತು ಸಲ ಬರೆಯತಕ್ಕದ್ದು. ನಸುಕಿನಲ್ಲಿ ಪೋಷಕರ ಫೋನಿಗೆ ತಮ್ಮದೇ ಸಿರಿಕಂಠದ ಕರೆ ಬೇರೆ ಬರುತ್ತದೆ, ‘ಏಳಿ ಮಕ್ಕಳೇ, ಓದಲು ಕುಳಿತುಕೊಳ್ಳಿ’ ಎಂದು. ಆ ಕರೆಗೆ ನಿಯತ್ತಿನಿಂದ ಏಳುವುದು ನಮ್ಮ ಪಕ್ಕದ ಮನೆಯ ನಾಯಿ ಮಾತ್ರ.

ಇಷ್ಟು ದೊಡ್ಡ ಎಡವಟ್ಟು ಇಷ್ಟು ಸಣ್ಣ ಕಾರಣಕ್ಕೆ ಆಗಿದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಎಲ್ಲಾ ಆಗಿರುವುದು ‘ಓದು’ ಎಂಬ ಒಂದು ಮಾತಿನಿಂದ. ಪುಟದ ಮೇಲೆ ಕಣ್ಣಾಡಿಸುವುದಕ್ಕೂ ನಾವು ಓದು ಎನ್ನುತ್ತೇವೆ, ಕಲಿಯುವುದಕ್ಕೂ ಓದು ಎನ್ನುತ್ತೇವೆ. ‘ನಿಮ್ಮ ಮಗ ಎಷ್ಟು ಓದಿದ್ದಾನೆ?’ ಎಂದು ಬೀಗರು ಕೇಳಿದರೆ ಯಾರೂ ಪುಟ ಎಣಿಸಿ ಹೇಳುವುದಿಲ್ಲ. ‘ಅವಳು ಡಾಕ್ಟರಿಕೆ ಓದುತ್ತಿದ್ದಾಳೆ’ ಎಂದರೆ ಅವಳು ಪುಸ್ತಕ ಹಿಡಿದು ಕೂತೇ ಇದ್ದಾಳೆ, ಹೆಣ ಕೊಯ್ಯುವ ಕೋಣೆಗೆ ಕಾಲಿಟ್ಟಿಲ್ಲ ಎಂದು ಯಾರೂ ತಿಳಿಯುವುದಿಲ್ಲ. ತೊದಲುವ ಮಗುವಿಗೂ ಗೊತ್ತಾಗುವ ಈ ವ್ಯತ್ಯಾಸ ತಮಗೆ ಹೊಳೆಯಲಿಲ್ಲ. ತಾವು ಓದನ್ನು ಕಣ್ಣಿನ ಕೆಲಸ ಎಂದುಕೊಂಡಿರಿ, ಕಣ್ಣಿನ ಎದುರು ಪುಸ್ತಕ ಇದೆಯೇ ಎಂದು ನೋಡಲು ಇಡೀ ಇಲಾಖೆಯನ್ನು ಬೀದಿಗಿಳಿಸಿದಿರಿ. ಪುಸ್ತಕದಿಂದ ತಲೆಗೆ ಏನಾದರೂ ಹೋಯಿತೇ ಎಂದು ಕೇಳಲು ತಮ್ಮ ಆ್ಯಪ್‌ನಲ್ಲಿ ಒಂದು ಗುಂಡಿಯೂ ಇಲ್ಲ.

ಈಗ ನನ್ನ ಮಗಳು ಹೇಗೆ ಓದುತ್ತಿದ್ದಳು ಎಂದು ಹೇಳುತ್ತೇನೆ. ಪಾಠವನ್ನು ಒಮ್ಮೆ ಗಮನವಿಟ್ಟು ಓದುತ್ತಿದ್ದಳು. ಪುಸ್ತಕ ಮುಚ್ಚಿ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತುಬಿಡುತ್ತಿದ್ದಳು, ಇಣುಕುವ ಆಸೆ ಆಗಬಾರದೆಂದು. ಆಮೇಲೆ ಇಡೀ ಪಾಠವನ್ನು ತನ್ನ ಅಜ್ಜಿಗೆ, ಅಂದರೆ ನನ್ನ ತಾಯಿಗೆ, ಹೇಳುತ್ತಿದ್ದಳು. ನನ್ನ ತಾಯಿಗೆ ಕಿವಿ ಮಂದ, ಹಾಗಾಗಿ ಕೂಗಿಯೇ ಹೇಳಬೇಕು. ಬೀದಿಯವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿರುವುದು ಅದಕ್ಕೇ. ಕಿವಿ ಮಂದವಾದರೂ ಅಜ್ಜಿಯ ತಕರಾರು ಚುರುಕು. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಆಯುಷ್ಯ ಕಳೆದವರು, ಯಾರು ಏನು ಹೇಳಿದರೂ ಒಂದೇ ಸಲಕ್ಕೆ ನಂಬಿದ ದಾಖಲೆ ಇಲ್ಲ. ಭೂಮಿ ತಿರುಗುವುದನ್ನು ಒಪ್ಪಿಸುವುದಕ್ಕೆ ಮೊಮ್ಮಗಳಿಗೆ ಒಂದು ವಾರ ಹಿಡಿಯಿತು, ಈಗಲೂ ಪೂರ್ತಿ ಒಪ್ಪಿಲ್ಲ.

ಹೃದಯದ ಪಾಠ ಹೇಳುವಾಗ ನಾನು ಅಲ್ಲೇ ಇದ್ದೆ. ನಾಲ್ಕು ಕೋಣೆ, ಮೇಲಿನಿಂದ ಕೆಳಗೆ ರಕ್ತ ಇಳಿಯುತ್ತದೆ, ವಾಪಸ್ ಮೇಲಕ್ಕೆ ಹೋಗುವುದಿಲ್ಲ, ಅಲ್ಲಿಂದ ಮೈಗೆಲ್ಲಾ ಹೋಗುತ್ತದೆ ಎಂದು ಅವಳು ಕೈ ಆಡಿಸಿ ವಿವರಿಸಿದಳು. ನನ್ನ ತಾಯಿ ಸೊಪ್ಪು ಸೋಸುತ್ತಾ ಕೇಳಿಸಿಕೊಂಡು, “ಇಳಿದ ರಕ್ತ ವಾಪಸ್ ಮೇಲಕ್ಕೆ ಹೋಗಲ್ಲ ಅಂತೀಯ. ಹಾಗಾದ್ರೆ ಮಧ್ಯದ ಬಾಗಿಲು ಯಾರು ಹಾಕ್ತಾರೆ?” ಎಂದು ಕೇಳಿದರು. ಹುಡುಗಿ ತಬ್ಬಿಬ್ಬಾದಳು. ಆ ಸಾಲನ್ನು ಅವಳು ಓದಿದ್ದಳು, ತಲೆಯಲ್ಲಿ ನಿಂತಿರಲಿಲ್ಲ. ಕುರ್ಚಿಯಿಂದ ಎದ್ದು ಪುಸ್ತಕ ತೆಗೆದು ಕವಾಟದ ಭಾಗವನ್ನಷ್ಟೇ ನೋಡಿ, ಮತ್ತೆ ಮುಚ್ಚಿ, ಅದು ಒಂದೇ ಕಡೆಗೆ ತೆರೆಯುವ ಬಾಗಿಲು, ರಕ್ತವೇ ತಳ್ಳಿ ತೆರೆಯುತ್ತದೆ, ವಾಪಸ್ ಬರಲು ನೋಡಿದರೆ ತಾನೇ ಮುಚ್ಚಿಕೊಳ್ಳುತ್ತದೆ ಎಂದು ವಿವರಿಸಿದಳು. ನಾಲ್ಕು ದಿನ ಬಿಟ್ಟು ಅದೇ ಪಾಠವನ್ನು ಮತ್ತೆ ಹೇಳಿದಳು. ಈ ಸಲ ಕವಾಟದಿಂದಲೇ ಶುರು ಮಾಡಿದಳು. ಎಲ್ಲಿ ಎಡವುತ್ತೇನೆ ಎಂದು ಗೊತ್ತುಮಾಡಿಕೊಂಡು ಅಲ್ಲಿಗೆ ಮಾತ್ರ ವಾಪಸ್ ಹೋಗುವುದು, ಮರೆಯುವಷ್ಟು ಹೊತ್ತು ಬಿಟ್ಟು ಮತ್ತೆ ನೆನಪಿಸಿಕೊಳ್ಳುವುದು, ನಿನ್ನೆಯ ಲೆಕ್ಕದ ಜೊತೆ ಹೋದ ತಿಂಗಳ ಲೆಕ್ಕವನ್ನೂ ಬೆರೆಸಿ ಮಾಡುವುದು, ಹೊತ್ತಿಗೆ ಸರಿಯಾಗಿ ಮಲಗುವುದು. ಇಷ್ಟೇ ಅವಳ ಓದು. ಇದಕ್ಕೆ ಬಣ್ಣದ ಪೆನ್ನು ಬೇಡ, ಆ್ಯಪ್ ಬೇಡ, ತಾವಂತೂ ಬೇಡವೇ ಬೇಡ.

ಇಂಥ ಒಂದು ಸಂಜೆ ಅವಳ ಗಣಿತದ ಮೇಷ್ಟ್ರು ತಮ್ಮ ಅಪ್ಪಣೆಯಂತೆ ನಮ್ಮ ಮನೆಗೆ ಬಂದರು. ಸಭ್ಯ ಮನುಷ್ಯ, ಮೋಟಾರು ಬೈಕಿನಲ್ಲಿ ಬೀದಿ ಬೀದಿ ಸುತ್ತಿ ಮುಖ ಕಪ್ಪಿಟ್ಟಿತ್ತು. ಅವರ ಕಣ್ಣಿಗೆ ಬಿದ್ದದ್ದು ಇದು: ಹುಡುಗಿ ಕೈ ಬೀಸುತ್ತಾ ಏನೋ ಕೂಗುತ್ತಿದ್ದಾಳೆ, ಮುದುಕಿ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದಾರೆ, ಪುಸ್ತಕದ ಪತ್ತೆಯೇ ಇಲ್ಲ. ಮೇಷ್ಟ್ರು ಫೋನು ಹೊರತೆಗೆದು, ಒಂದು ನಿಮಿಷ ಪುಸ್ತಕ ತೆಗೆದು ಕೂತುಕೊಳ್ಳಮ್ಮಾ, ಫೋಟೋ ತೆಗೆದುಕೊಂಡು ಹೋಗುತ್ತೇನೆ ಎಂದು ಕೇಳಿದರು. ಅವಳು ಎದ್ದು ಕುರ್ಚಿಯ ಮೇಲಿದ್ದ ಪುಸ್ತಕವನ್ನು ತೋರಿಸಿದಳೇ ಹೊರತು ತೆರೆಯಲಿಲ್ಲ.

“ಸರ್, ನಾನು ಓದ್ತಾ ಇದ್ದೀನಿ. ಈಗ ಪುಸ್ತಕ ತೆಗೆದ್ರೆ ಓದು ನಿಂತುಹೋಗುತ್ತೆ.”

ನಾನು ಅಂಗಡಿಯಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದೆ. ಮಗಳ ಬಾಯಲ್ಲಿ ಅಂಥ ಮಾತು ಕೇಳಿ ಹೆಮ್ಮೆಯಾಯಿತು, ಮುಚ್ಚಿಟ್ಟುಕೊಳ್ಳುವುದೇಕೆ. ಮೇಷ್ಟ್ರಿಗೂ ಅದು ತಾಗಿತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರು “ನನಗೆ ಅರ್ಥ ಆಗುತ್ತಮ್ಮಾ. ಆ್ಯಪ್‌ಗೆ ಅರ್ಥ ಆಗಲ್ಲ,” ಎಂದು ಹೇಳಿ ಇದ್ದದ್ದನ್ನು ಇದ್ದಂತೆ ಫೋಟೋ ತೆಗೆದುಕೊಂಡು ಹೋದರು. ಸುಳ್ಳು ಫೋಟೋ ತೆಗೆಯದ ಆ ಮೇಷ್ಟ್ರ ಪ್ರಾಮಾಣಿಕತೆಗೆ ತಮ್ಮ ಯಂತ್ರ ಕೊಟ್ಟ ಬಹುಮಾನ ಕೆಂಪು ಗುರುತು, ‘ಓದುತ್ತಿಲ್ಲ’. ಎರಡನೇ ಸಲವೂ ಹೀಗೇ ಆಯಿತು. ಮೂರನೇ ಸಲ ನನ್ನ ಹೆಂಡತಿ ಅಡ್ಡ ಬಂದಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಮೊಹರು ಬೀಳದ ಯಾವುದಕ್ಕೂ ಈ ಲೋಕದಲ್ಲಿ ಬೆಲೆ ಇಲ್ಲವೆಂದು ದಿನವೂ ನೋಡುವವಳು. ಸುಮ್ಮನೆ ಪುಸ್ತಕ ತೆಗೆದು ಕೂತರೆ ನಿನ್ನ ಗಂಟೇನು ಹೋಗುತ್ತದೆ ಎಂದು ಮಗಳನ್ನು ಗದರಿಕೊಂಡಳು. ಅಷ್ಟರಲ್ಲಿ ಫೋಟೋ ಆಗಿತ್ತು. ಅದರಲ್ಲಿ ಮುಚ್ಚಿದ ಪುಸ್ತಕದ ಜೊತೆ ಬಾಯಿ ತೆರೆದ ನನ್ನ ಹೆಂಡತಿಯೂ ಇದ್ದಾಳೆ.

ಮೂರು ಕೆಂಪು ಗುರುತು ಬಿದ್ದರೆ ವಿಶೇಷ ಗಮನ. ತಮ್ಮ ವಿಶೇಷ ಗಮನ ಎಂದರೆ ಏನು ಎಂದು ತಾವು ಯಾವತ್ತಾದರೂ ಹೋಗಿ ನೋಡಿದ್ದೀರಾ? ನಾನು ನೋಡಿದ್ದೇನೆ. ಮಕ್ಕಳು ಊಟ ಮಾಡುವ ಹಜಾರದ ಹಿಂದಿನ ಸಾಲಿನಲ್ಲಿ, ಇನ್ನೂ ಒದ್ದೆ ಆರದ ಮೇಜುಗಳ ಮೇಲೆ, ಈ ಗುಂಪು ಬೆಳಗ್ಗಿನಿಂದ ಸಂಜೆಯವರೆಗೆ ‘ಖಚಿತ ಉತ್ತರಗಳು’ ಎಂಬ ಕಿರುಪುಸ್ತಕವನ್ನು ನಕಲು ಮಾಡುತ್ತದೆ. ಉಳಿದ ಮಕ್ಕಳಿಗೆ ಪ್ರಯೋಗಾಲಯ, ಇವರಿಗೆ ನಕಲು. ಉಳಿದವರಿಗೆ ಹೊಸ ಲೆಕ್ಕ, ಇವರಿಗೆ ನಕಲು. ಪ್ರಶ್ನೆ ಕೇಳುವಂತಿಲ್ಲ, ಕೇಳಿದರೆ ಬರೆಯುವುದು ತಡವಾಗುತ್ತದೆ. ಸ್ವಂತ ಮಾತಿನಲ್ಲಿ ಬರೆದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಮಾತಾಡುತ್ತಾ ಕಲಿಯುವ ಹುಡುಗಿಯನ್ನು ಬಾಯಿ ಮುಚ್ಚಿಸಿ ಕೂರಿಸುವುದಕ್ಕೆ ಇದಕ್ಕಿಂತ ಪಕ್ಕಾ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ತಮ್ಮ ಪ್ರತಿಭೆಗೆ ಜೋಹಾರು.

ಹತ್ತು ಸಲ ಬರೆದರೆ ನೆನಪಿರುವುದಿಲ್ಲವೇ ಎಂದು ತಾವು ಕೇಳಬಹುದು. ಮೂರನೇ ಸಲಕ್ಕೆ ಕೈ ಬರೆಯುತ್ತಿರುತ್ತದೆ, ತಲೆ ಊಟದ ಗಂಟೆಗೆ ಕಾಯುತ್ತಿರುತ್ತದೆ. ಮತ್ತೆ ಮತ್ತೆ ಅದೇ ಪುಟ ನೋಡಿದರೆ ಆ ಪುಟದ ಮುಖಪರಿಚಯವಾಗುತ್ತದೆ, ಅಷ್ಟೇ. ನನ್ನ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಹಲಗೆ ಇದೆ. ಬೆಂಚಿನ ಮೇಲೆ ಕಾಯುತ್ತಾ ಕೂತವರು ತಮಗಿಂತ ಮುಂಚಿನವರು ಓದುವುದನ್ನು ಕೇಳಿ ಕೇಳಿ, ತಮ್ಮ ಸರದಿ ಬಂದಾಗ ಕೊನೆಯ ಸಾಲಿನ ಅಕ್ಷರಗಳನ್ನು ಗಡಗಡನೆ ಹೇಳಿಬಿಡುತ್ತಾರೆ. ಹಲಗೆ ತಿರುಗಿಸಿ ಬೇರೆ ಅಕ್ಷರ ತೋರಿಸಿದರೆ ಪೆಚ್ಚುಮೋರೆ. ಅವರೇನೂ ಮೋಸಗಾರರಲ್ಲ, ನಿಜವಾಗಿಯೂ ಕಾಣುತ್ತಿದೆ ಎಂದೇ ನಂಬಿರುತ್ತಾರೆ. ತಮ್ಮ ಬಣ್ಣದ ಪೆನ್ನಿನ ಮಕ್ಕಳ ಪಾಡೂ ಇದೇ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮುಗಿಯಿತು. ಆಮೇಲೆ ಹೊರಗೆ ಬಂದು ಅಳುತ್ತಾರೆ, ಎಷ್ಟು ಸಲ ಓದಿದ್ದೆ, ಬರೆಯಲು ಕೂತಾಗ ಏನೂ ಬರಲಿಲ್ಲ ಎಂದು. ವರ್ಷ ವರ್ಷವೂ ಸಾವಿರಾರು ಮಕ್ಕಳು ಇದೇ ಮಾತು ಹೇಳಿ ಅಳುತ್ತಿರುವಾಗ, ಮಕ್ಕಳಲ್ಲೇ ಏನೋ ಕೊರತೆ ಇದೆ ಎಂದು ಅಂದುಕೊಳ್ಳುವುದಕ್ಕೆ ಎಂಥ ಗಟ್ಟಿ ಗುಂಡಿಗೆ ಬೇಕು!

ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ವಿಜ್ಞಾನದಲ್ಲಿ ಹಿಂದೆಂದೂ ಇಳಿಯದಷ್ಟು ಕೆಳಗೆ ಇಳಿದಳು. ಉತ್ತರ ಪತ್ರಿಕೆ ಕೊಟ್ಟ ದಿನ ಅದನ್ನು ಮುಂದಿಟ್ಟುಕೊಂಡು ಕೂತೆವು. ಹೃದಯದ ಕವಾಟ ಸರಿಯಾಗಿ ಮುಚ್ಚದಿದ್ದರೆ ಏನಾಗುತ್ತದೆ ಎಂದು ಕೇಳಿದ್ದರು. ಅಜ್ಜಿಗೆ ಅಷ್ಟು ಚೆನ್ನಾಗಿ ತಿಳಿಸಿ ಹೇಳಿದ್ದ ಹುಡುಗಿ, ಹೃದಯ ಒಂದು ಸ್ನಾಯುಮಯ ಅಂಗ ಎಂದು ಶುರುಮಾಡಿ ಕಿರುಪುಸ್ತಕದ ಆರು ಸಾಲನ್ನು ಅಕ್ಷರ ತಪ್ಪದೆ ಇಳಿಸಿದ್ದಳು. ಸೊನ್ನೆ ಕೊಟ್ಟಿದ್ದರು. ಸರಿಯಾಗಿಯೇ ಕೊಟ್ಟಿದ್ದರು. ನಿನಗೆ ಇದು ಗೊತ್ತಿರಲಿಲ್ಲವೇನೇ ಎಂದು ಕೇಳಿದೆ.

“ಗೊತ್ತಿತ್ತು ಅಪ್ಪ,” ಎಂದಳು. “ಆದ್ರೆ ಅದು ಕೊಟ್ಟಿರೋ ಉತ್ತರದಲ್ಲಿ ಇರ್ಲಿಲ್ಲ. ನಾನೇ ಬರೆದ್ರೆ ತಪ್ಪಾಗುತ್ತೇನೋ ಅನ್ನಿಸ್ತು. ನಾನು ದಡ್ಡರ ಗುಂಪಲ್ಲಿ ಇರೋಳು ಅಲ್ವಾ?”

ಅಂಕ ಹೋದರೆ ಸಂಪಾದಿಸಬಹುದು. ತನಗೆ ಗೊತ್ತಿರುವುದನ್ನು ನಂಬದ ಹಾಗೆ ಒಂದು ಮಗುವನ್ನು ತಾವು ಮಾಡಿಟ್ಟಿದ್ದೀರಿ, ಅದನ್ನು ಯಾವ ಮರುಪರೀಕ್ಷೆಯಲ್ಲಿ ವಾಪಸ್ ಕೊಡುತ್ತೀರಿ?

ಮರುದಿನವೇ ಅಂಗಡಿ ಬಾಗಿಲು ಹಾಕಿ ತಮ್ಮ ಕಚೇರಿಗೆ ಬಂದೆ. ತಮಗೆ ನೆನಪಿರಲಿಕ್ಕಿಲ್ಲ, ನನಗಿದೆ. ತಾವು ಒಳ್ಳೆಯ ಮಾತಿನಲ್ಲೇ ಕೂರಿಸಿ, ಗುಂಪಿನಿಂದ ಯಾರನ್ನೂ ಮಧ್ಯದಲ್ಲಿ ಬಿಡಲು ಸುತ್ತೋಲೆಯಲ್ಲಿ ಅವಕಾಶವಿಲ್ಲ ಎಂದು ವಿಷಾದಿಸಿದಿರಿ. ಸುತ್ತೋಲೆಯಲ್ಲಿ ಆ ಬಗ್ಗೆ ಏನಿದೆ ಎಂದು ಕೇಳಿದೆ. ತಾವು ಬಾಯಿ ತೆರೆದಿರಿ, ಮುಚ್ಚಿದಿರಿ, ಮೇಜಿನ ಮೇಲಿದ್ದ ಕಡತಕ್ಕೆ ಕೈ ಹಾಕಿದಿರಿ. ನಾನು ಕಡತದ ಮೇಲೆ ಮೆಲ್ಲನೆ ಕೈ ಇಟ್ಟು, ನೋಡದೆ ಹೇಳಿ ಸ್ವಾಮಿ, ತಾವೇ ಬರೆದದ್ದಲ್ಲವೇ ಎಂದೆ. ತಾವು ಕಿಟಕಿಯ ಕಡೆ ನೋಡಿದಿರಿ, ಗುಮಾಸ್ತರ ಕಡೆ ನೋಡಿದಿರಿ. ಗುಮಾಸ್ತರು ಫ್ಯಾನಿನ ಕಡೆ ನೋಡಿದರು. ಕೊನೆಗೆ ತಾವು ನಕ್ಕು, “ಎಷ್ಟು ಸಲ ಓದಿದ್ದೀನಿ ರೀ, ಈಗ ಬಾಯಿಗೆ ಬರ್ತಾ ಇಲ್ಲ ಅಷ್ಟೇ,” ಎಂದಿರಿ. ನಾನು ನಗಲಿಲ್ಲ. ತಮ್ಮನ್ನು ಯಾವ ಗುಂಪಿಗೆ ಹಾಕಬೇಕು ಎಂದು ಕೇಳುವ ಮನಸ್ಸಾಗಿತ್ತು, ಮಗಳ ಭವಿಷ್ಯ ತಮ್ಮ ಮೇಜಿನ ಮೇಲೆ ಇದೆಯಲ್ಲ ಎಂದು ನಾಲಿಗೆ ಕಚ್ಚಿಕೊಂಡು ಎದ್ದು ಬಂದೆ. ಅದರಿಂದ ಉಪಯೋಗವೇನೂ ಆಗಲಿಲ್ಲವಾದ್ದರಿಂದ ಈಗ ಕೇಳುತ್ತಿದ್ದೇನೆ.

ಇಷ್ಟರ ನಡುವೆ ಮಗಳು ಬದಲಾಗಿಬಿಟ್ಟಳು. ತಾಯಿಯ ಗದರಿಕೆಗೋ ತಮ್ಮ ಮೇಲಿನ ಭಯಕ್ಕೋ, ಸಂಜೆಯಾದರೆ ಮೇಜಿನ ಮುಂದೆ ಪುಸ್ತಕ ತೆರೆದು ಕೂರುತ್ತಾಳೆ. ಅಜ್ಜಿ ಸೊಪ್ಪಿನ ಕಟ್ಟು ಹಿಡಿದು ಹತ್ತಿರ ಬಂದು ಇವತ್ತೇನು ಪಾಠವೇ ಎಂದು ಕೇಳಿದರೆ, ಓದ್ತಾ ಇದ್ದೀನಿ ಮಾತಾಡಿಸ್ಬೇಡ ಅಜ್ಜಿ ಎನ್ನುತ್ತಾಳೆ. ನನ್ನ ತಾಯಿ ಯಾರೋ ಬೈದ ಹಾಗೆ ಮುಖ ಸಣ್ಣ ಮಾಡಿಕೊಂಡು ಅಡುಗೆಮನೆಗೆ ಹೋಗುತ್ತಾರೆ. ಹುಡುಗಿ ಪುಟ ತಿರುಗಿಸುವುದನ್ನೇ ನಾನು ಕಾಯುತ್ತಾ ಕೂರುತ್ತೇನೆ, ತಿರುಗಿಸುವುದಿಲ್ಲ. ಮೇಷ್ಟ್ರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಹಸಿರು ಗುರುತು ಬೀಳುತ್ತದೆ. ಈಚೆಗೆ ಅವರು ನನ್ನ ಮುಖ ನೋಡುವುದಿಲ್ಲ.

ಹೋದ ವಾರ ಶಾಲೆಯ ಗೇಟಿನ ಬಳಿ ಒಂದು ಪೋಸ್ಟರ್ ಕಂಡೆ. ಬಾಗಿಲಿನಷ್ಟು ಎತ್ತರ. ಅದರಲ್ಲಿ ನನ್ನ ಮಗಳು! ನಮ್ಮದೇ ಮೇಜು, ನಮ್ಮದೇ ಗೋಡೆ, ಅವಳ ಮುಂದೆ ತೆರೆದ ಪುಸ್ತಕ. ಕೆಳಗೆ ದಪ್ಪ ಅಕ್ಷರದಲ್ಲಿ ‘ಇವಳಂತೆ ಓದಿ’ ಎಂದು ಅಚ್ಚಾಗಿದೆ, ಅದರ ಕೆಳಗೆ ತಮ್ಮ ಪದನಾಮ. ಹಸಿರು ಗುರುತಿನ ಫೋಟೋಗಳಲ್ಲಿ ಬೆಳಕು ಚೆನ್ನಾಗಿ ಬಿದ್ದದ್ದನ್ನು ತಮ್ಮ ಪ್ರಚಾರ ವಿಭಾಗ ಆರಿಸಿತಂತೆ. ಆ ವಿಭಾಗಕ್ಕೂ ಗುಂಪುಗಳ ವಿಭಾಗಕ್ಕೂ ನಡುವೆ ಇರುವುದು ಒಂದು ಗೋಡೆ, ಆದರೂ ಮಾತುಕತೆ ಇಲ್ಲವಂತೆ. ಅಂತೂ ನನ್ನ ಮಗಳು ಗೇಟಿನ ಹೊರಗೆ ಇಡೀ ಊರಿಗೆ ಮಾದರಿ, ಒಳಗೆ ಒದ್ದೆ ಮೇಜಿನ ದಡ್ಡಿ. ಎರಡು ಆದೇಶಕ್ಕೂ ಸಹಿ ಒಂದೇ, ತಮ್ಮದು. ಆ ಫೋಟೋದಲ್ಲಿ ಯಾವ ಪಾಠ ಓದುತ್ತಿದ್ದೆ ಎಂದು ಅವಳನ್ನು ಕೇಳಿದೆ. ಗೊತ್ತಿಲ್ಲ ಅಪ್ಪ, ಫೋಟೋಗೆ ಅಂತ ತೆಗೆದಿದ್ದೆ ಎಂದಳು.

ಮಾನ್ಯರೇ, ಕೇಳಬೇಕಾದದ್ದನ್ನು ಕೇಳಿ ಮುಗಿಸುತ್ತೇನೆ. ತಮ್ಮ ಆ್ಯಪ್ ಇಟ್ಟುಕೊಳ್ಳಿ, ನಸುಕಿನ ಕರೆಯನ್ನೂ ಇಟ್ಟುಕೊಳ್ಳಿ, ನಾಯಿಗೆ ಅಭ್ಯಾಸವಾಗಿದೆ. ಬರುವ ಸೋಮವಾರ ಬೆಳಗ್ಗೆ ನನ್ನ ಮಗಳು ತನ್ನ ತರಗತಿಯಲ್ಲಿ, ತನ್ನ ಜಾಗದಲ್ಲಿ ಕೂತಿರಬೇಕು. ಅವಳೊಬ್ಬಳೇ ಅಲ್ಲ, ಪುಸ್ತಕ ಮುಚ್ಚಿದ ತಪ್ಪಿಗೆ ಆ ಹಜಾರಕ್ಕೆ ಬಿದ್ದಿರುವ ಎಲ್ಲ ಮಕ್ಕಳೂ. ಇನ್ನು ಉಳಿದಿರುವ ದಿನಗಳಲ್ಲಿ ಸಂಜೆ ಹೊತ್ತು ನಮ್ಮ ಮನೆಗೆ ಯಾರೂ ಕ್ಯಾಮೆರಾ ಹಿಡಿದು ಬರಬಾರದು. ಪೋಸ್ಟರ್ ಕೀಳಿಸಿ ಎಂದು ನಾನು ಕೇಳುವುದಿಲ್ಲ. ಬೇಕಾದರೆ ಪರೀಕ್ಷೆ ಮುಗಿಯುವವರೆಗೂ ಅಲ್ಲೇ ಇರಲಿ. ಆದರೆ ಊರಿನ ಮಕ್ಕಳಿಗೆಲ್ಲ ಇವಳಂತೆ ಓದಿ ಎಂದು ಅಪ್ಪಣೆ ಕೊಡುವ ಮೊದಲು, ದಯವಿಟ್ಟು ಇವಳನ್ನು ಇವಳಂತೆ ಓದಲು ಬಿಡಿ.

ಇಂತಿ,
ತಮ್ಮ ಪೋಸ್ಟರಿನಲ್ಲಿ ಓದುತ್ತಿರುವಂತೆ ಕಾಣುವ ಹುಡುಗಿಯ ಅಪ್ಪ